ಒಂದು ಅಂಕದ ಪ್ರಶ್ನೆಯಾಗಿದ್ದ ವಿ.ಕೆ.ಆರ್.ವಿ. ರಾವ್

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ವಿ.ಕೆ.ಆರ್.ವಿ. ರಾವ್ ಅಂದರೆ ಒಂದು ಅಂಕ. ಬ್ರಿಟಿಷರ ಕಾಲದಲ್ಲಿ ರಾಷ್ಟ್ರೀಯ ವರಮಾನ ಅಂದಾಜು ಮಾಡಿದವರು ಯಾರು ಎಂದು ಕೇಳಿದರೆ ದಾದಾಭಾಯಿ ನವರೋಜಿ, ವಿಲಿಯಂ ಡಿಗ್ಬಿ ಎಂದೆಲ್ಲ ಬರೆದು ರಾವ್ ಹೆಸರನ್ನೂ ಸೇರಿಸಿದರೆ ಮುಗಿಯಿತು. ನಾನೂ ಹಾಗೇ ಬರೆದು ಅಂಕ ತೆಗೆದುಕೊಂಡವನು. ಇನಿಷಿಯಲ್ ಉದ್ದ ಇದ್ದದ್ದರಿಂದ ಹೆಸರು ನೆನಪಿತ್ತು, ಅಷ್ಟೇ.

ಪದವಿಯ ಎರಡನೇ ವರ್ಷ ಚಾಮರಾಜನಗರದಿಂದ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಿಗೆ ಎನ್ನೆಸ್ಸೆಸ್ ಶಿಬಿರಕ್ಕೆ ಹೋದೆವು. ಏಳು ದಿನ. ಬೆಳಿಗ್ಗೆ ಚರಂಡಿ ಸ್ವಚ್ಛ ಮಾಡುವುದು, ಮಧ್ಯಾಹ್ನ ಮನೆ ಮನೆ ಸಮೀಕ್ಷೆ, ರಾತ್ರಿ ಹಾಡು, ನಾಟಕ. ಸುಳ್ಳು ಯಾಕೆ ಹೇಳಲಿ, ನಾನು ಹೋಗಿದ್ದು ಸರ್ಟಿಫಿಕೇಟಿಗೆ. ಸಮೀಕ್ಷೆಯ ಫಾರಂನಲ್ಲಿ ವಾರ್ಷಿಕ ವರಮಾನ ಎಂದೊಂದು ಕಾಲಂ ಇತ್ತು. ಮೊದಲ ಮನೆಯಲ್ಲಿದ್ದ ಅಜ್ಜಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಣ್ಣ ಈರುಳ್ಳಿ ಕೀಳುವಾಗ ಕೂಲಿಗೆ ಹೋಗುತ್ತಾರಂತೆ, ಚೆಂಡು ಹೂವಿನ ಕಾಲದಲ್ಲಿ ಹೂ ಬಿಡಿಸಲು ಹೋಗುತ್ತಾರಂತೆ. ಒಂದು ಹಸು ಇದೆ, ಅರ್ಧ ಹಾಲು ಡೇರಿಗೆ, ಅರ್ಧ ಮನೆಗೆ. ಮಗ ವಯನಾಡಿನ ಕಡೆ ಕೆಲಸಕ್ಕೆ ಹೋಗಿದ್ದಾನೆ, ಎಷ್ಟು ತರುತ್ತಾನೋ ಅವನಿಗೇ ಗೊತ್ತು. ಬಿಸಿಲಲ್ಲಿ ನಿಂತು ಕೂಡಲು ನೋಡಿದೆ, ಆಗಲಿಲ್ಲ. ಬಾಯಿಗೆ ಬಂದ ಒಂದು ದುಂಡು ಸಂಖ್ಯೆ ಬರೆದೆ. ಮುಂದಿನ ಮೂರು ಮನೆಯಲ್ಲಿ ಕೇಳುವ ಗೋಜಿಗೂ ಹೋಗದೆ ಅದೇ ಸಂಖ್ಯೆ ಬರೆದುಬಿಟ್ಟೆ.

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ಒಂದು ಪ್ರಶ್ನೆ ಎದುರಾಯಿತು: ರಾಷ್ಟ್ರೀಯ ಸೇವಾ ಯೋಜನೆ ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವರು ಯಾರು? ಉತ್ತರ ವಿ.ಕೆ.ಆರ್.ವಿ. ರಾವ್. ಯಾರೋ ಬೇರೆ ರಾವ್ ಇರಬೇಕು ಅಂದುಕೊಂಡೆ. ಅಲ್ಲ, ಅದೇ ಒಂದು ಅಂಕದ ರಾವ್. ಆಮೇಲೆ ಗ್ರಂಥಾಲಯದಲ್ಲಿ ಕೂತು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಹುಟ್ಟಿದ್ದು 1908ರ ಜುಲೈ 8ರಂದು, ಕಾಂಚೀಪುರದಲ್ಲಿ. ಬೊಂಬಾಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಆಗ ಕೇನ್ಸ್ ಕಾಲ. ರಾವ್ ಆರಿಸಿಕೊಂಡ ವಿಷಯ ಮಾತ್ರ ನಮ್ಮ ದೇಶದ್ದೇ: ಒಬ್ಬ ಭಾರತೀಯನ ಸಂಪಾದನೆ ಎಷ್ಟು? 1937ರಲ್ಲಿ ಡಾಕ್ಟರೇಟ್ ಬಂತು, 1940ರಲ್ಲಿ ಪುಸ್ತಕ.

ಇಲ್ಲಿ ನಾನು ತುಸು ಹೊತ್ತು ನಿಂತೆ. ಹೊಲ, ಗಣಿ, ಕಾಡಿನಿಂದ ಬರುವುದಕ್ಕೆ ಬೆಳೆದದ್ದೆಷ್ಟು, ಅದರ ಬೆಲೆ ಎಷ್ಟು ಎಂದು ಲೆಕ್ಕ. ವ್ಯಾಪಾರ, ನೌಕರಿ ಮುಂತಾದವಕ್ಕೆ ಅಲ್ಲಿ ದುಡಿಯುವವರ ಸಂಪಾದನೆಯ ಲೆಕ್ಕ. ಎರಡೂ ವಿಧಾನ ಬೆರೆಸಿ 1931–32ರಲ್ಲಿ ತಲಾ ವರಮಾನ ವರ್ಷಕ್ಕೆ 62 ರೂಪಾಯಿ ಎಂದು ತೋರಿಸಿದರು. ತಮ್ಮ ಲೆಕ್ಕ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬುದನ್ನೂ ಮುಚ್ಚಿಡದೆ ಬರೆದರು. ಈ ಲೆಕ್ಕದಲ್ಲಾದರೆ ಅಜ್ಜಿಯ ಮನೆಯಲ್ಲೇ ಕುಡಿದ ಹಾಲಿಗೂ ಬೆಲೆ ಇದೆ. ನನ್ನ ಫಾರಂನಲ್ಲಿ ಇರಲಿಲ್ಲ.

1952ರಲ್ಲಿ ಅವರು ಕೇನ್ಸ್ ಸಿದ್ಧಾಂತವನ್ನೇ ಪ್ರಶ್ನಿಸಿದರು. ಸರ್ಕಾರ ಹಣ ಖರ್ಚು ಮಾಡಿದರೆ ಅದು ಕೈಯಿಂದ ಕೈಗೆ ಹೋಗಿ ಉದ್ಯೋಗವೂ ಉತ್ಪಾದನೆಯೂ ಹಲವು ಪಟ್ಟು ಹೆಚ್ಚುತ್ತದೆ ಅನ್ನುವುದು ಗುಣಕ ಸಿದ್ಧಾಂತ. ಸ್ವಂತ ಹೊಲದಲ್ಲಿ ದುಡಿಯುವವರೇ ಹೆಚ್ಚಿರುವ ದೇಶದಲ್ಲಿ ಅದು ಹಾಗೆ ನಡೆಯುವುದಿಲ್ಲ, ಬೆಲೆಯಷ್ಟೇ ಏರುತ್ತದೆ ಎಂಬುದು ರಾವ್ ವಾದ. ತೆರಕಣಾಂಬಿ ಸಂತೆಗೆ ಬರುವವರ ಜೇಬಲ್ಲಿ ಈ ವಾರ ಎರಡು ಕಾಸು ಹೆಚ್ಚಿದ್ದರೆ ಟೊಮೆಟೊ ಈ ವಾರವೇ ಹೆಚ್ಚು ಬೆಳೆದುಬಿಡುತ್ತದೆಯೇ? ನಾಲ್ಕು ಸಲ ಓದಿದರೂ ತಲೆಗೆ ಹತ್ತದ ಗುಣಕ ನನಗೆ ಅರ್ಥವಾದದ್ದು ಹೀಗೆ.

ಅವರು ಸಂಸ್ಥೆ ಕಟ್ಟುವುದರಲ್ಲೂ ನಿಸ್ಸೀಮರು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್. ನಡುವೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಯೋಜನಾ ಆಯೋಗದ ಸದಸ್ಯ. ಎಲ್ಲವೂ ಕೈಗೂಡಿತು ಅಂತಲ್ಲ. ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಕೊಡುವ ವ್ಯವಸ್ಥೆ ಬೇಕೆಂದು ವಿಶ್ವಸಂಸ್ಥೆಯಲ್ಲಿ 1949ರಲ್ಲೇ ಹೇಳಿದಾಗ ಶ್ರೀಮಂತ ದೇಶಗಳು ಒಪ್ಪಲಿಲ್ಲ. ಅಂಥದ್ದೇ ಒಂದು ಸಂಸ್ಥೆ ವಿಶ್ವಬ್ಯಾಂಕಿನ ಅಂಗವಾಗಿ ಹುಟ್ಟುವ ಹೊತ್ತಿಗೆ 1960 ಆಗಿತ್ತು.

1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು. ಇಂದಿರಾ ಗಾಂಧಿ ಸಂಪುಟದಲ್ಲಿ ಮೊದಲು ಸಿಕ್ಕಿದ್ದು ಹಡಗು ಮತ್ತು ಸಾರಿಗೆ ಖಾತೆ. ಅರ್ಥಶಾಸ್ತ್ರಜ್ಞರಿಗೆ ಹಣಕಾಸು ಸಿಗಲಿಲ್ಲವಲ್ಲ ಅಂತ ನನಗೆ ಬೇಜಾರಾಯಿತು. 1969ರಲ್ಲಿ ಶಿಕ್ಷಣ ಮತ್ತು ಯುವಜನ ಸೇವಾ ಖಾತೆಗೆ ಬಂದರು. ಅದು ಗಾಂಧಿ ಶತಮಾನೋತ್ಸವದ ವರ್ಷ. ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಬೇಕೆಂಬ ಮಾತು ಸ್ವಾತಂತ್ರ್ಯ ಬಂದಾಗಿನಿಂದ ಒಂದೊಂದು ಸಮಿತಿಯ ಕಡತದಲ್ಲಿ ಸುತ್ತುತ್ತಲೇ ಇತ್ತು. ಅದನ್ನು ರಾವ್ ಆ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರು ಮಾಡಿಸಿದರು. ದೇಶದ ಆದಾಯದ ಲೆಕ್ಕ ಹಾಕುತ್ತಾ ಅರ್ಧ ಆಯುಸ್ಸು ಕಳೆದವರು ಸಚಿವರಾದಾಗ ನಮ್ಮಂಥವರನ್ನು ಆ ಲೆಕ್ಕ ಹುಟ್ಟುವ ಜಗಲಿಗೇ ಕಳಿಸಿದರಲ್ಲ ಅನಿಸಿತು. ಇದು ನನ್ನ ಊಹೆ, ಅವರೇನೂ ಹಾಗೆ ಹೇಳಿಕೊಂಡಿಲ್ಲ.

1971ರ ಚುನಾವಣೆಯಲ್ಲಿ ಬಳ್ಳಾರಿ ಮತ್ತೆ ಗೆಲ್ಲಿಸಿತು, ಸಚಿವ ಸ್ಥಾನ ಮಾತ್ರ ಮತ್ತೆ ಬರಲಿಲ್ಲ. ಆಗ ಅವರಿಗೆ 62 ದಾಟಿತ್ತು. ಮರು ವರ್ಷವೇ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದರು. ಐಸೆಕ್ ಅಂತಾರಲ್ಲ, ಅದೇ. 1974ರಲ್ಲಿ ಪದ್ಮವಿಭೂಷಣ ಬಂತು. ಅವರು ತೀರಿಕೊಂಡಿದ್ದು 1991ರ ಜುಲೈ 25ರಂದು. ಅದರ ಹಿಂದಿನ ದಿನವಷ್ಟೇ ಅರ್ಥಶಾಸ್ತ್ರದಿಂದ ಸರ್ಕಾರಕ್ಕೆ ಬಂದ ಇನ್ನೊಬ್ಬರು, ರಾವ್ ಕಟ್ಟಿದ ದೆಹಲಿ ಸ್ಕೂಲಿನಲ್ಲೇ ಪಾಠ ಮಾಡಿದ್ದ ಮನಮೋಹನ್ ಸಿಂಗ್, ದೇಶದ ದಾರಿ ಬದಲಿಸಿದ ಬಜೆಟ್ ಮಂಡಿಸಿದ್ದರು.

ಕಳೆದ ಸಲ ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದಾಗ ನಾಗರಬಾವಿಯಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ರಸ್ತೆ ಎಂಬ ಫಲಕ ಕಂಡಿತು. ಸುಮ್ಮನೆ ಐಸೆಕ್ ಗೇಟಿನವರೆಗೂ ನಡೆದು ಬಂದೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ನೌಕರಿ ಸಿಗದ ಈ ಅರ್ಥಶಾಸ್ತ್ರ ಯಾಕೆ ತೆಗೆದುಕೊಂಡೆ ಎಂದು ಮನೆಯಲ್ಲಿ ಅವ್ವ ಈಗಲೂ ಕೇಳುತ್ತಾರೆ. ಎಂ.ಎ. ಅರ್ಜಿ ತುಂಬಿ ಇಟ್ಟಿದ್ದೇನೆ, ಇನ್ನೂ ಹೇಳಿಲ್ಲ. ಗುಂಡ್ಲುಪೇಟೆ ಬಸ್ಸಿನಲ್ಲಿ ಹೋಗುವಾಗ ಆ ಊರಿನ ಗೇಟ್ ಬಂದರೆ ಮಾತ್ರ ಆ ಫಾರಂಗಳು ನೆನಪಾಗುತ್ತವೆ. ಕಾಲೇಜಿನ ಯಾವುದೋ ಬೀರುವಿನಲ್ಲಿ, ನನ್ನ ಕೈಬರಹದಲ್ಲಿ, ಆ ನಾಲ್ಕು ಮನೆಗಳಿಗೆ ಇವತ್ತಿಗೂ ಒಂದೇ ವರಮಾನ.