ಡಬ್ಬಿಯೂಟದ ಕಾಲದಲ್ಲಿ ಒಲೆ ಹಚ್ಚಿದ ಜೂಲಿಯಾ ಚೈಲ್ಡ್

ಅಲ್ಯೂಮಿನಿಯಂ ತಟ್ಟೆಯ ಒಂದು ಅಂಕಣದಲ್ಲಿ ಟರ್ಕಿ ಕೋಳಿಯ ಮಾಂಸ, ಇನ್ನೊಂದರಲ್ಲಿ ಬಟಾಣಿ, ಮತ್ತೊಂದರಲ್ಲಿ ಸಿಹಿಗೆಣಸು. ಮಂಜುಗಟ್ಟಿದ ಆ ತಟ್ಟೆಯನ್ನು 25 ನಿಮಿಷ ಓವನ್ನಿನಲ್ಲಿಟ್ಟರೆ ರಾತ್ರಿಯ ಊಟ ಸಿದ್ಧ. ಸ್ವಾನ್ಸನ್ ಕಂಪನಿಯು 1954ರಲ್ಲಿ ಅಮೆರಿಕದಾದ್ಯಂತ 98 ಸೆಂಟ್ ಬೆಲೆಗೆ ಮಾರಿದ ಈ ಸಿದ್ಧ ಆಹಾರಕ್ಕೆ ಇಟ್ಟ ಹೆಸರು ‘ಟಿವಿ ಡಿನ್ನರ್’. ಒಲೆಯ ಮುಂದೆ ನಿಲ್ಲುವ ಹೊತ್ತನ್ನು ಟಿವಿಯ ಮುಂದೆ ಕಳೆಯಿರಿ ಎಂಬ ಆಹ್ವಾನ ಆ ಹೆಸರಿನಲ್ಲಿಯೇ ಅಡಗಿತ್ತು.

ಒಂಬತ್ತು ವರ್ಷಗಳ ಬಳಿಕ, 1963ರ ಫೆಬ್ರುವರಿ 11ರಂದು, ಅದೇ ಟಿವಿಯ ಪರದೆಯಲ್ಲಿ 50 ವರ್ಷದ ಮಹಿಳೆಯೊಬ್ಬರು ಕಾಣಿಸಿಕೊಂಡರು. ಆರಡಿ ಎರಡಂಗುಲದ ಎತ್ತರ, ಏರಿಳಿಯುವ ವಿಚಿತ್ರ ದನಿ. ಅಂದು ಅವರು ಕಲಿಸಿದ್ದು ದನದ ಮಾಂಸವನ್ನು ಕೆಂಪು ವೈನಿನಲ್ಲಿ ಮೂರು ತಾಸಿನಷ್ಟು ಹೊತ್ತು ಹದವಾಗಿ ಬೇಯಿಸುವ ಫ್ರೆಂಚ್ ಅಡುಗೆಯನ್ನು. ಅವರೇ ಜೂಲಿಯಾ ಚೈಲ್ಡ್. 25 ನಿಮಿಷದ ಊಟಕ್ಕೆ ಒಗ್ಗಿಕೊಳ್ಳುತ್ತಿದ್ದ ನಾಡು ಮೂರು ತಾಸಿನ ಅಡುಗೆಯನ್ನು ಮೆಚ್ಚಿ ನೋಡಿದ್ದು ಹೇಗೆ ಎಂಬುದೇ ಅವರ ಬದುಕಿನ ಕಥೆ.

ಅಡುಗೆಯರಿಯದ ಯೌವನ

ಜೂಲಿಯಾ ಮೆಕ್‌ವಿಲಿಯಮ್ಸ್ ಹುಟ್ಟಿದ್ದು 1912ರ ಆಗಸ್ಟ್ 15ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಸಿರಿವಂತರ ಮನೆ; ಅಡುಗೆಗೆ ಆಳುಗಳಿದ್ದರು. ಸ್ಮಿತ್ ಕಾಲೇಜಿನಲ್ಲಿ ಇತಿಹಾಸ ಓದಿ 1934ರಲ್ಲಿ ಪದವಿ ಪಡೆದ ಜೂಲಿಯಾ ನ್ಯೂಯಾರ್ಕಿನ ಪೀಠೋಪಕರಣದ ಮಳಿಗೆಯೊಂದರಲ್ಲಿ ಜಾಹೀರಾತು ಬರೆದರು. ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಬೇಹುಗಾರಿಕೆ ಸಂಸ್ಥೆಯಾದ ಓಎಸ್‌ಎಸ್ ಸೇರಿ, 1944ರಲ್ಲಿ ಅಂದಿನ ಸಿಲೋನಿನ ಕ್ಯಾಂಡಿಗೆ ಬಂದು ರಹಸ್ಯ ಕಡತಗಳ ವಿಭಾಗವನ್ನು ನೋಡಿಕೊಂಡರು. ಅಲ್ಲಿಯೇ ಸಹೋದ್ಯೋಗಿ ಪಾಲ್ ಚೈಲ್ಡ್ ಪರಿಚಯವಾದರು. 1946ರಲ್ಲಿ ವಿವಾಹವಾಯಿತು. ಊಟದ ರುಚಿ ಬಲ್ಲವರು ಪಾಲ್; ಜೂಲಿಯಾ ಅವರಿಗೋ ಅಡುಗೆಯೇ ಬಾರದು.

1948ರ ನವೆಂಬರಿನಲ್ಲಿ ಪಾಲ್ ಅವರ ಸರಕಾರಿ ಉದ್ಯೋಗದ ನಿಮಿತ್ತ ದಂಪತಿ ಫ್ರಾನ್ಸಿಗೆ ಬಂದಿಳಿದರು. ಪ್ಯಾರಿಸ್ಸಿನ ದಾರಿಯಲ್ಲಿ ರುಆಂ ಪಟ್ಟಣದ ‘ಲಾ ಕುರೋನ್’ ಹೋಟೆಲಿನಲ್ಲಿ ಬೆಣ್ಣೆಯಲ್ಲಿ ಹುರಿದ ಮೀನು ತಿಂದರು. ಆ ಊಟ ತಮ್ಮ ಬದುಕಿನ ದಿಕ್ಕನ್ನೇ ತಿರುಗಿಸಿತೆಂದು ಜೂಲಿಯಾ ಕೊನೆಯವರೆಗೂ ಸ್ಮರಿಸುತ್ತಿದ್ದರು. ಮರುವರ್ಷ, 37ರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ‘ಲ ಕಾರ್ಡೋ ಬ್ಲೂ’ ಪಾಕಶಾಲೆಗೆ ಸೇರಿದರು. ಅವರ ತರಗತಿಯಲ್ಲಿದ್ದವರೆಲ್ಲ ಅಮೆರಿಕದ ಮಾಜಿ ಸೈನಿಕರು. ಅಂತಿಮ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣರಾದರು. 1951ರಲ್ಲಿ ಮತ್ತೆ ಕುಳಿತು ತೇರ್ಗಡೆಯಾದರು.

ಆಳಿಲ್ಲದ ಮನೆಗೊಂದು ಗ್ರಂಥ

ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬೆರ್ತೋಲ್ ಎಂಬ ಇಬ್ಬರು ಫ್ರೆಂಚ್ ಗೆಳತಿಯರೊಡನೆ ಜೂಲಿಯಾ ಅಮೆರಿಕನ್ನರಿಗಾಗಿ ಫ್ರೆಂಚ್ ಅಡುಗೆಯ ಪುಸ್ತಕ ಬರೆಯಲು ತೊಡಗಿದರು. ಮನೆಯಲ್ಲಿ ಆಳುಕಾಳಿಲ್ಲದ, ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದನ್ನು ತರುವ ಸಾಮಾನ್ಯರೇ ಅದರ ಓದುಗರು. ಪ್ರತಿಯೊಂದು ವಿಧಾನವನ್ನೂ ಹಲವು ಸಲ ಮಾಡಿ ನೋಡಿ, ಎಲ್ಲಿ ಕೆಡುತ್ತದೆ, ಕೆಟ್ಟರೆ ಸರಿಪಡಿಸುವುದು ಹೇಗೆ ಎಂಬುದನ್ನೂ ಬರೆದರು.

ಒಪ್ಪಂದ ಮಾಡಿಕೊಂಡಿದ್ದ ಹೂಟನ್ ಮಿಫ್ಲಿನ್ ಪ್ರಕಾಶನವು ಹಸ್ತಪ್ರತಿಯನ್ನು ತಿರಸ್ಕರಿಸಿತು. ಇಷ್ಟು ದೊಡ್ಡ ಗ್ರಂಥವನ್ನು ಕಂಡು ಅಮೆರಿಕದ ಗೃಹಿಣಿ ಹೆದರಿಯಾಳು ಎಂಬುದು ಅದರ ಅಂಜಿಕೆ. ಅಂದಿನ ವಾತಾವರಣದಲ್ಲಿ ಅದು ಅಸಹಜವೇನಲ್ಲ. ಡಬ್ಬಿ ತೆರೆದು ಔತಣ ಸಿದ್ಧಪಡಿಸುವುದನ್ನು ಕಲಿಸುವ ಪಾಪಿ ಕ್ಯಾನನ್ ಅವರ ಪುಸ್ತಕ ಜನಪ್ರಿಯವಾಗಿತ್ತು. ನಾಡಿನ ಗೃಹಿಣಿಯರಿಗೆ ಅಡುಗೆಯ ಸಲಹೆ ಕೊಡುತ್ತಿದ್ದ ಬೆಟ್ಟಿ ಕ್ರಾಕರ್ ಎಂಬ ‘ಮಹಿಳೆ’ 1921ರಲ್ಲಿ ಹಿಟ್ಟಿನ ಕಂಪನಿಯೊಂದು ಕಲ್ಪಿಸಿಕೊಂಡ ಹೆಸರಷ್ಟೇ. 1946ರಲ್ಲಿಯೇ ಟಿವಿಯಲ್ಲಿ ಅಡುಗೆ ಕಲಿಸಿದ ಜೇಮ್ಸ್ ಬಿಯರ್ಡ್ ಅವರ ಕಾರ್ಯಕ್ರಮಕ್ಕೆ ಹಾಲಿನ ಕಂಪನಿಯೇ ಪ್ರಾಯೋಜಕ. ಅಡುಗೆ ಕಷ್ಟ, ನಿಮಗೆ ಬಿಡುವಿಲ್ಲ, ಆದ್ದರಿಂದ ಇದನ್ನು ಕೊಳ್ಳಿ ಎಂಬುದೇ ಜಾಹೀರಾತುಗಳ ಸಾರವಾಗಿತ್ತು.

ಕಡೆಗೆ ಕ್ನಾಫ್ ಸಂಸ್ಥೆಯ ಸಂಪಾದಕಿ ಜೂಡಿತ್ ಜೋನ್ಸ್ ಹಸ್ತಪ್ರತಿಯ ಬೆಲೆಯನ್ನು ಗುರುತಿಸಿದರು. 1961ರಲ್ಲಿ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ ಬೆಳಕು ಕಂಡಿತು. 700ಕ್ಕೂ ಮಿಕ್ಕಿದ ಪುಟಗಳು, 10 ಡಾಲರ್ ಬೆಲೆ.

ಎಡವಟ್ಟನ್ನು ಮರೆಮಾಚದ ಕಾರ್ಯಕ್ರಮ

ಪುಸ್ತಕದ ಪ್ರಚಾರಕ್ಕೆಂದು 1962ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ವಾಹಿನಿ ಡಬ್ಲ್ಯುಜಿಬಿಎಚ್‌ನ ಪುಸ್ತಕ ವಿಮರ್ಶೆಯ ಕಾರ್ಯಕ್ರಮಕ್ಕೆ ಬಂದ ಜೂಲಿಯಾ, ವಿದ್ಯುತ್ ಒಲೆ, ಬಾಣಲೆ, ಮೊಟ್ಟೆಗಳನ್ನು ಜೊತೆಗೆ ತಂದು ಅಲ್ಲಿಯೇ ಆಮ್ಲೆಟ್ ಹಾಕಿ ತೋರಿಸಿದರು. ಇನ್ನಷ್ಟು ಬೇಕೆಂದು ವೀಕ್ಷಕರಿಂದ ಪತ್ರಗಳು ಬಂದವು. ವಾಹಿನಿಯ ಸ್ಟುಡಿಯೋ 1961ರಲ್ಲಿ ಬೆಂಕಿಗೆ ಆಹುತಿಯಾಗಿದ್ದುದರಿಂದ ಮೊದಲ ಮೂರು ಪ್ರಾಯೋಗಿಕ ಕಂತುಗಳನ್ನು ಗ್ಯಾಸ್ ಕಂಪನಿಯೊಂದರ ಪ್ರದರ್ಶನದ ಅಡುಗೆಮನೆಯಲ್ಲಿ ಚಿತ್ರೀಕರಿಸಲಾಯಿತು. ಹೀಗೆ ಆರಂಭವಾದ ‘ದಿ ಫ್ರೆಂಚ್ ಷೆಫ್’ 1973ರವರೆಗೆ 200ಕ್ಕೂ ಹೆಚ್ಚು ಕಂತುಗಳನ್ನು ಕಂಡಿತು. 1966ರಲ್ಲಿ ಎಮ್ಮಿ ಪ್ರಶಸ್ತಿಗೂ ಪಾತ್ರವಾಯಿತು.

ಚಿತ್ರೀಕರಣವನ್ನು ನಡುವೆ ನಿಲ್ಲಿಸಿ ತಿದ್ದುವಷ್ಟು ಹಣ ವಾಹಿನಿಯ ಬಳಿ ಇರಲಿಲ್ಲ. ಅರ್ಧ ಗಂಟೆಯಲ್ಲಿ ಆದದ್ದೆಲ್ಲವೂ ಜನರ ಮುಂದೆ. ಒಮ್ಮೆ ಆಲೂಗೆಡ್ಡೆಯ ದೋಸೆಯಂಥ ತಿನಿಸನ್ನು ಮಗುಚಿ ಹಾಕುವಾಗ ಅರ್ಧ ಒಲೆಯ ಮೇಲೆ ಬಿತ್ತು. ಜೂಲಿಯಾ ಅದನ್ನು ಬಳಿದು ಬಾಣಲೆಗೇ ಸೇರಿಸಿದರು. ಅಡುಗೆಮನೆಯಲ್ಲಿ ನೀವು ಒಬ್ಬರೇ ಇರುವಾಗ ನೋಡುವವರು ಯಾರು ಎಂದು ವೀಕ್ಷಕರಿಗೆ ಧೈರ್ಯ ಹೇಳಿ ಮುಂದುವರಿದರು. ಮುಂದೆ ಈ ಪ್ರಸಂಗ ಬಾಯಿಂದ ಬಾಯಿಗೆ ಬೆಳೆದು, ಅವರು ಇಡೀ ಕೋಳಿಯನ್ನೇ ನೆಲಕ್ಕೆ ಬೀಳಿಸಿದರೆಂಬ ಕಟ್ಟುಕಥೆಯಾಯಿತು.

ಸಿದ್ಧ ಆಹಾರಕ್ಕೆ ಜೂಲಿಯಾ ಕೊಟ್ಟ ಉತ್ತರ ಈ ಎಡವಟ್ಟುಗಳಲ್ಲಿಯೇ ಇತ್ತು. ಕಂಪನಿಗಳು ಮಾರುತ್ತಿದ್ದುದು ಊಟವನ್ನು ಮಾತ್ರವಲ್ಲ, ಕೆಟ್ಟೀತೆಂಬ ಭಯಕ್ಕೆ ಪರಿಹಾರವನ್ನು ಕೂಡ. ಕೆಟ್ಟರೂ ಲೋಕ ಮುಳುಗುವುದಿಲ್ಲ ಎಂದು ಜೂಲಿಯಾ ತೋರಿಸಿದ ಮೇಲೆ ಆ ಭಯದ ಬುಡವೇ ಅಲುಗಿತು.

ಹಾಗೆಂದು ಅವರು ಡಬ್ಬಿಯ ವೈರಿಯೇನೂ ಆಗಿರಲಿಲ್ಲ. ಡಬ್ಬಿಯಲ್ಲಿ ಬರುವ ಮಾಂಸದ ರಸಕ್ಕೆ ತರಕಾರಿ, ವೈನ್ ಹಾಕಿ ಕುದಿಸಿ ರುಚಿಗೊಳಿಸುವ ಬಗೆಯನ್ನು ಅವರ ಪುಸ್ತಕವೇ ಹೇಳುತ್ತದೆ. ಮಂಜುಗಟ್ಟಿಸಿದ ತರಕಾರಿಗೂ ಅದರಲ್ಲಿ ಎಡೆಯುಂಟು. ಫುಡ್ ಪ್ರೊಸೆಸರ್ ಬಂದಾಗ ಸಂತೋಷದಿಂದ ಬಳಸಿದರು. ಆದರೆ ತಮ್ಮ ಹೆಸರನ್ನು ಯಾವ ಕಂಪನಿಯ ಸರಕಿಗೂ ಒತ್ತೆಯಿಡಲಿಲ್ಲ.

ಬಿಡುಗಡೆ ಯಾವುದು?

‘ದಿ ಫ್ರೆಂಚ್ ಷೆಫ್’ ಆರಂಭವಾದ ತಿಂಗಳಲ್ಲಿಯೇ ಬೆಟ್ಟಿ ಫ್ರೀಡನ್ ಅವರ ‘ದಿ ಫೆಮಿನೈನ್ ಮಿಸ್ಟೀಕ್’ ಪ್ರಕಟವಾಯಿತು. ಮನೆವಾರ್ತೆಯಲ್ಲಿಯೇ ಸವೆಯುತ್ತಿದ್ದ ವಿದ್ಯಾವಂತ ಮಹಿಳೆಯರ ಅತೃಪ್ತಿಗೆ ಅದು ಮಾತು ಕೊಟ್ಟಿತು. ಫ್ರೀಡನ್ ಕೂಡ ಸ್ಮಿತ್ ಕಾಲೇಜಿನವರೇ. ಒಂದೇ ಕಾಲೇಜಿನ ಈ ಇಬ್ಬರು ಅಡುಗೆಮನೆಯನ್ನು ಕಂಡ ಬಗೆ ಬೇರೆಬೇರೆ ಎಂದು ತೋರಬಹುದು. ಆದರೆ ಅಡುಗೆ ಹೆಣ್ಣಿನ ಕರ್ತವ್ಯವೆಂದು ಜೂಲಿಯಾ ಕಲಿಸಲಿಲ್ಲ. ಮನಸ್ಸಿಟ್ಟು ಕಲಿಯಬೇಕಾದ ಕಸುಬೆಂದು ಕಲಿಸಿದರು. ಅವರ ಮನೆಯಲ್ಲಿ ಪಾತ್ರೆ ತೊಳೆಯಲು, ಪುಸ್ತಕಕ್ಕೆ ಛಾಯಾಚಿತ್ರ ತೆಗೆಯಲು ಪಾಲ್ ಮುಂದಾಗುತ್ತಿದ್ದರು. ಕೇಂಬ್ರಿಜ್‌ನ ಮನೆಯಲ್ಲಿ ಪತ್ನಿಯ ಎತ್ತರಕ್ಕೆ ತಕ್ಕಂತೆ ಅಡುಗೆಕಟ್ಟೆಯನ್ನು 38 ಅಂಗುಲಕ್ಕೆ ಏರಿಸಿದವರೂ ಅವರೇ.

ಪಾಲ್ 1994ರಲ್ಲಿ ತೀರಿಕೊಂಡರು. 2001ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳುವಾಗ ಜೂಲಿಯಾ ಆ ಅಡುಗೆಮನೆಯನ್ನು ಪಾತ್ರೆಪರಡಿಗಳ ಸಮೇತ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟರು. 2003ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. 2004ರ ಆಗಸ್ಟ್ 13ರಂದು, 92ನೆಯ ಹುಟ್ಟುಹಬ್ಬಕ್ಕೆ ಎರಡು ದಿನವಿರುವಾಗ, ಅವರು ನಿಧನರಾದರು.

ಕಿರುತೆರೆಯ ಅಡುಗೆ ಮುಂದೆ ಸ್ಪರ್ಧೆಯಾಯಿತು, ಮನರಂಜನೆಯಾಯಿತು. ಜೂಲಿಯಾ ಬದುಕನ್ನಾಧರಿಸಿದ ‘ಜೂಲಿ ಅಂಡ್ ಜೂಲಿಯಾ’ ಚಿತ್ರ ತೆರೆಕಂಡ 2009ರಲ್ಲಿ ಲೇಖಕ ಮೈಕಲ್ ಪೊಲ್ಲನ್ ಒಂದು ವೈಪರೀತ್ಯವನ್ನು ಎತ್ತಿ ತೋರಿಸಿದರು: ಅಡುಗೆಯನ್ನು ನೋಡುವವರು ಹೆಚ್ಚಿದ್ದಾರೆ, ಮಾಡುವವರು ಕಡಿಮೆಯಾಗಿದ್ದಾರೆ. ಜೂಲಿಯಾ ಬಯಸಿದ್ದು ಇದಕ್ಕೆ ವ್ಯತಿರಿಕ್ತವಾದುದನ್ನು. ಕಾರ್ಯಕ್ರಮ ಮುಗಿದೊಡನೆ ವೀಕ್ಷಕರು ಟಿವಿ ಆರಿಸಿ ಒಳಗೆ ಹೋಗಿ ಒಲೆ ಹಚ್ಚಬೇಕು, ಒಮ್ಮೆ ಕೆಟ್ಟರೆ ಇನ್ನೊಮ್ಮೆ ಮಾಡಬೇಕು ಎಂಬುದಷ್ಟೇ ಅವರ ಆಸೆಯಾಗಿತ್ತು. ಅಡುಗೆ ತಿಳಿಯದೆ 37ರಲ್ಲಿ ಕಲಿಯತೊಡಗಿ, ಪರೀಕ್ಷೆಯಲ್ಲಿ ನಪಾಸಾಗಿ, ಮತ್ತೆ ಕುಳಿತು ಗೆದ್ದವರಿಗೆ ಹಾಗೆ ಆಶಿಸುವ ಅರ್ಹತೆ ಇತ್ತು.