ಡಾ. ಕೋಟ್ನಿಸ್: 32 ವರ್ಷಗಳ ತುಂಬು ಬದುಕು

ನಮ್ಮ ಸೊಲ್ಲಾಪುರದ ಭಯ್ಯಾ ಚೌಕದಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಮನೆ ಇದೆ. ಈಗ ಅದು ಸ್ಮಾರಕ. 1910ರ ಅಕ್ಟೋಬರ್ 10ರಂದು ಈ ಊರಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ವೈದ್ಯಕೀಯ ಓದಿದರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೂ ಒಬ್ಬರು.

ಅವರು ಅಲ್ಲಿದ್ದಾಗಲೇ ತಂದೆ ತೀರಿಕೊಂಡರು. ಜೊತೆಗೆ ಹೋದವರಲ್ಲಿ ಮೂವರು ಮರಳಿದರು, ಕೋಟ್ನಿಸ್ ಉಳಿದರು. ಕೆನಡಾದ ಡಾ. ನಾರ್ಮನ್ ಬೆಥ್ಯೂನ್ ಗಾಯಾಳುಗಳಿಗೆ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜೇರಿ 1939ರಲ್ಲಿ ಸತ್ತಿದ್ದರು. ಅವರ ಹೆಸರಿನ ಆಸ್ಪತ್ರೆಯ ಹೊಣೆಯನ್ನು 1941ರಲ್ಲಿ ಕೋಟ್ನಿಸ್ ಹೊತ್ತರು. ಅದೇ ವರ್ಷ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು.

ಮೂರ್ಛೆರೋಗ ಅವರನ್ನು ಕಾಡುತ್ತಿತ್ತು. ಅದರ ಅಪಾಯ ವೈದ್ಯರಿಗೆ ಯಾರೂ ಹೇಳಬೇಕಿರಲಿಲ್ಲ. ಆದರೂ ಆಪರೇಷನ್, ಪಾಠ ನಿಲ್ಲಲಿಲ್ಲ. ಉಳಿದ ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆಯುತ್ತಿದ್ದರು. ತಾವಿಲ್ಲದಾಗಲೂ ಕಲಿಯುವವರಿಗೆ ದಾರಿ ತೋರುವ ಕೆಲಸವದು. 1942ರ ಡಿಸೆಂಬರ್ 9ರಂದು ಅವರು ತೀರಿಕೊಂಡಾಗ ಮಗನಿಗೆ ಮೂರು ತಿಂಗಳು. ಬರಹ ಅರ್ಧಕ್ಕೇ ನಿಂತಿತ್ತು.

ಮಾಡಬೇಕಾದದ್ದನ್ನು ನಾಳೆಗೆ ದೂಡುವವರು ನಾವು. ವಿಜಾಪುರ ರಸ್ತೆಯ ನಮ್ಮ ಬಾಂಧವರು ಪೇಟೆಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ಮನೆಯನ್ನೊಮ್ಮೆ ನೋಡಿ ಬನ್ನಿ.