ಬಿಡಿಭಾಗಗಳ ಬಂದೂಕು ಕಟ್ಟಿದ ಯೂಜೀನ್ ಸ್ಟೋನರ್

ಅಮೆರಿಕದಲ್ಲಿ ಎಆರ್-15 ಮಾದರಿಯ ರೈಫಲ್ ಬೇಕು ಅಂದವರು ಅದನ್ನು ಇಡಿಯಾಗಿಯೇ ಕೊಳ್ಳಬೇಕು ಅಂತೇನಿಲ್ಲ. ಬ್ಯಾರೆಲ್ ಒಂದು ಕಂಪನಿಯದ್ದು, ಟ್ರಿಗರ್ ಇನ್ನೊಂದರದ್ದು, ಭುಜಕ್ಕೆ ಆನಿಸುವ ಸ್ಟಾಕ್ ಮತ್ತೊಂದರದ್ದು, ಮೇಲೆ ಕೂರಿಸುವ ದುರ್ಬೀನು ಮಗದೊಂದರದ್ದು. ಬಹುತೇಕ ರಾಜ್ಯಗಳಲ್ಲಿ ಇವೆಲ್ಲ ಪುಸ್ತಕವೋ ಚಪ್ಪಲಿಯೋ ಬಂದ ಹಾಗೆ ಮನೆಗೇ ಪಾರ್ಸೆಲ್ ಬರುತ್ತವೆ. ಇಷ್ಟೆಲ್ಲ ಸಾಮಾನಿನಲ್ಲಿ ಕೇಂದ್ರ ಕಾನೂನಿನ ಕಣ್ಣಿಗೆ ಬಂದೂಕು ಅನ್ನಿಸಿಕೊಳ್ಳೋದು ಒಂದೇ ಒಂದು ತುಂಡು. ಹೆಚ್ಚುಕಡಿಮೆ ಕಾಲು ಕೆಜಿ ತೂಗುವ, ಅಲ್ಯೂಮಿನಿಯಂನ ಲೋವರ್ ರಿಸೀವರ್. ಸೀರಿಯಲ್ ನಂಬರ್ ಇರುವುದು ಅದರ ಮೇಲೆ. ಅಂಗಡಿಯಲ್ಲಿ ಫಾರ್ಮ್ ತುಂಬಬೇಕಾದದ್ದು, ಹಿನ್ನೆಲೆ ತಪಾಸಣೆಗೆ ಒಳಗಾಗಬೇಕಾದದ್ದು ಅದಕ್ಕೆ ಮಾತ್ರ.

ಬುಲೆಟ್ ಬೈಕಿಗೆ ಹ್ಯಾಂಡಲ್, ಸೈಲೆನ್ಸರ್, ಸೀಟು ಬದಲಾಯಿಸಿ ನನ್ನ ಗಾಡಿ ಅಂತ ಬೀಗುವ ಹುಡುಗರನ್ನು ನೀವು ನೋಡಿರುತ್ತೀರಿ. ಅಲ್ಲಿ ಅದೇ ಶೋಕಿ ರೈಫಲ್ ಸುತ್ತ ಬೆಳೆದಿದೆ. ಇದು ಹೇಗಾಯಿತು ಅಂತ ಹುಡುಕುತ್ತ ಹೋದರೆ ಸಿಗುವುದು ಕಾಲೇಜು ಪದವಿ ಇಲ್ಲದ, ವಿಮಾನ ಕಾರ್ಖಾನೆಯಲ್ಲಿ ಕೆಲಸ ಕಲಿತ ಒಬ್ಬ ಮನುಷ್ಯ. ಯೂಜೀನ್ ಸ್ಟೋನರ್.

ಹುಟ್ಟಿದ್ದು 1922ರ ನವೆಂಬರ್ 22ರಂದು, ಇಂಡಿಯಾನಾ ರಾಜ್ಯದ ಗಾಸ್ಪೋರ್ಟ್ ಅನ್ನೋ ಸಣ್ಣ ಊರಿನಲ್ಲಿ. ಹೈಸ್ಕೂಲು ಮುಗಿಸಿದ್ದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ಅಲ್ಲಿಂದ ನೇರ ವೇಗಾ ವಿಮಾನ ಕಂಪನಿಗೆ, ವಿಮಾನಗಳಿಗೆ ಶಸ್ತ್ರ ಜೋಡಿಸುವ ಕೆಲಸಕ್ಕೆ. ಎರಡನೇ ಮಹಾಯುದ್ಧ ಬಂದಾಗ ಮರೀನ್ ಪಡೆ ಸೇರಿದ. ಅಲ್ಲೂ ಅದೇ ಕೆಲಸ: ದಕ್ಷಿಣ ಪೆಸಿಫಿಕ್‌ನಲ್ಲಿ, ಆಮೇಲೆ ಉತ್ತರ ಚೀನಾದಲ್ಲಿ ಯುದ್ಧವಿಮಾನಗಳ ಬಂದೂಕುಗಳನ್ನು ನೋಡಿಕೊಳ್ಳೋದು. ಯುದ್ಧ ಮುಗಿದ ಮೇಲೆ ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯ ಮಷೀನ್ ಶಾಪ್‌ನಲ್ಲಿ ಸೇರಿ, ಕೆಲಸ ಮಾಡುತ್ತಲೇ ಡಿಸೈನ್ ಎಂಜಿನಿಯರ್ ಆದ.

ಈ ವಿಮಾನದ ನಂಟು ಮುಖ್ಯ. ವಿಮಾನದವರಿಗೆ ಎರಡೇ ಗೀಳು. ಒಂದು ತೂಕ. ಇನ್ನೊಂದು, ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಹೊಸದು ಹಾಕಿ ಬೇಗ ಹಾರಿಸುವುದು. ಆ ಕಾಲದ ಅಮೆರಿಕನ್ ಸೈನಿಕ ಹೊರುತ್ತಿದ್ದ ಗಾರಂಡ್ ರೈಫಲ್ ಇದಕ್ಕೆ ತದ್ವಿರುದ್ಧ. ಉಕ್ಕು ಮತ್ತು ಮರ, ನಾಲ್ಕು ಕೆಜಿಗೂ ಮೇಲೆ.

1954ರಲ್ಲಿ ಫೇರ್‌ಚೈಲ್ಡ್ ಅನ್ನೋ ವಿಮಾನ ಕಂಪನಿ ಹಾಲಿವುಡ್‌ನಲ್ಲಿ ಆರ್ಮಲೈಟ್ ಎಂಬ ಚಿಕ್ಕ ವಿಭಾಗ ತೆರೆಯಿತು. ಸ್ಟೋನರ್ ಅಲ್ಲಿ ಮುಖ್ಯ ಎಂಜಿನಿಯರ್ ಆದ. (ಎಆರ್ ಅಂದರೆ ಅಸಾಲ್ಟ್ ರೈಫಲ್ ಅಂತ ಟಿವಿ ಚರ್ಚೆಗಳಲ್ಲಿ ಈಗಲೂ ಹೇಳುವವರಿದ್ದಾರೆ. ಅಲ್ಲ, ಅದು ಆರ್ಮಲೈಟ್ ಹೆಸರಿನ ಮೊದಲ ಅಕ್ಷರಗಳು.) ಅಲ್ಲಿ ಹುಟ್ಟಿದ ಎಆರ್-10 ನೋಡಲಿಕ್ಕೇ ಬೇರೆ ಥರ ಇತ್ತು. ಮೈ ಅಲ್ಯೂಮಿನಿಯಂ, ಹಿಡಿ ಪ್ಲಾಸ್ಟಿಕ್ ಜಾತಿಯದ್ದು. ಗುಂಡು ಹಾರಿದಾಗ ಹುಟ್ಟುವ ಬಿಸಿ ಅನಿಲದ ಒಂದು ಪಾಲನ್ನು ಸಪೂರ ಕೊಳವೆಯಲ್ಲಿ ಹಿಂದಕ್ಕೆ ತಂದು, ಅದರ ಒತ್ತಡದಿಂದಲೇ ಖಾಲಿ ತೋಟಾ ಹೊರಬಿದ್ದು ಹೊಸದು ಏರುವಂತೆ ಮಾಡಿದ್ದ. ಎಲ್ಲಕ್ಕಿಂತ ದೊಡ್ಡ ಸಂಗತಿ ಆಗ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ: ಬಂದೂಕಿನ ಮೈಯೇ ಮೇಲಿನದು, ಕೆಳಗಿನದು ಅಂತ ಎರಡು ಹೋಳು. ಮೇಲಿನದರಲ್ಲಿ ಬ್ಯಾರೆಲ್ ಮತ್ತು ಬೋಲ್ಟ್, ಕೆಳಗಿನದರಲ್ಲಿ ಟ್ರಿಗರ್ ಮತ್ತು ಮ್ಯಾಗಜಿನ್. ಎರಡನ್ನೂ ಹಿಡಿದಿಡಲು ಎರಡು ಪಿನ್ನು.

ಸೇನೆ ಇದನ್ನು ಒಪ್ಪಲಿಲ್ಲ. ತೂಕ ಇನ್ನೂ ಇಳಿಸುವ ಹುಕಿಯಲ್ಲಿ ಆರ್ಮಲೈಟ್‌ನವರು ಅಲ್ಯೂಮಿನಿಯಂ ಮತ್ತು ಉಕ್ಕು ಕೂಡಿಸಿದ ಬ್ಯಾರೆಲ್ ಹಾಕಿದ್ದರು. ಸರ್ಕಾರಿ ಪರೀಕ್ಷೆಯಲ್ಲಿ ಅದು ಒಡೆಯಿತು. 1957ರಲ್ಲಿ ಸೇನೆ ತನ್ನದೇ ಕಾರ್ಖಾನೆಯ ಎಂ-14ಕ್ಕೆ ಮುದ್ರೆ ಒತ್ತಿತು. ಆದರೆ ಅದೇ ವರ್ಷ ಸೇನೆಯ ಒಬ್ಬ ಜನರಲ್, ಸಣ್ಣ ಗುಂಡನ್ನು ಅತಿ ವೇಗದಲ್ಲಿ ಹಾರಿಸುವ ಹಗುರ ರೈಫಲ್ ಬೇಕು ಅಂತ ಕೇಳಿದ. ಎಆರ್-10 ಅನ್ನು ಕುಗ್ಗಿಸಿ ಎಆರ್-15 ಮಾಡಿದ್ದು ಆಗ. ಆ ಕೆಲಸದ ಬಹುಪಾಲು ಸ್ಟೋನರ್ ಕೈಕೆಳಗಿದ್ದ ರಾಬರ್ಟ್ ಫ್ರೆಮಾಂಟ್ ಮತ್ತು ಜಿಮ್ ಸಲಿವಾನ್ ಅವರದ್ದು. ಇತಿಹಾಸ ಹೆಸರು ಕೊಟ್ಟದ್ದು ಸ್ಟೋನರ್‌ಗೆ ಮಾತ್ರ, ಇರಲಿ.

ದುಡ್ಡಿನ ಮುಗ್ಗಟ್ಟಿನಲ್ಲಿದ್ದ ಫೇರ್‌ಚೈಲ್ಡ್ 1959ರಲ್ಲಿ ಎಆರ್-15ರ ಹಕ್ಕನ್ನು ಕೋಲ್ಟ್ ಕಂಪನಿಗೆ 75,000 ಡಾಲರ್ ಮತ್ತು ರಾಯಲ್ಟಿಗೆ ಮಾರಿತು. ಮರುವರ್ಷ ಜುಲೈ 4ರಂದು ಮೇರಿಲ್ಯಾಂಡ್‌ನ ಒಂದು ತೋಟದ ಪಾರ್ಟಿಯಲ್ಲಿ ವಾಯುಸೇನೆಯ ಜನರಲ್ ಕರ್ಟಿಸ್ ಲೆಮೇ ಕೈಗೆ ಅದನ್ನು ಕೊಟ್ಟರು. ಆತ ಕಲ್ಲಂಗಡಿ ಹಣ್ಣುಗಳಿಗೆ ಗುಂಡು ಹೊಡೆದು, ಅವು ಸಿಡಿದದ್ದು ನೋಡಿ ಮನಸೋತ. ಒಂದು ದೇಶದ ಸೈನಿಕರು ಏನು ಹಿಡಿಯಬೇಕು ಅನ್ನೋದು ಹೀಗೂ ತೀರ್ಮಾನವಾಗುತ್ತದೆ.

ಮುಂದಿನ ಕಥೆ ವಿಯೆಟ್ನಾಂನದ್ದು. ಸ್ಟೋನರ್ ಬದುಕಿನಲ್ಲಿ ನಾವು ನಿಂತು ನೋಡಬೇಕಾದ ಜಾಗ ಇದೇ. 1962ರಲ್ಲಿ ಪರೀಕ್ಷೆಗೆಂದು ಅಲ್ಲಿಗೆ 1,000 ಎಆರ್-15 ಹೋದವು, ವರದಿ ಚೆನ್ನಾಗಿ ಬಂತು. 1963ರಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್ನಮಾರಾ ದೊಡ್ಡ ಖರೀದಿಗೆ ಒಪ್ಪಿದ. ಒತ್ತಿ ಹಿಡಿದರೆ ಗುಂಡು ಸುರಿಸುತ್ತಲೇ ಇರುವ ಈ ಸೇನಾ ರೂಪಕ್ಕೆ ಎಂ-16 ಅಂತ ಹೆಸರಾಯಿತು. ಆಮೇಲೆ ಅಧಿಕಾರಿಗಳು ಅದನ್ನು ತಿದ್ದಲು ಕೂತರು. ಸ್ಟೋನರ್ ಯಾವ ಮದ್ದನ್ನು ಲೆಕ್ಕ ಹಾಕಿ ರೈಫಲ್ ಮಾಡಿದ್ದನೋ ಆ ಮದ್ದು ತೆಗೆದು, ಬಾಲ್ ಪೌಡರ್ ಎಂಬ ಬೇರೆ ಮದ್ದು ತುಂಬಿಸಿದರು. ಬೋಲ್ಟ್ ಓಡುವ ವೇಗ ಏರಿತು, ಮಸಿ ಹೆಚ್ಚಾಯಿತು, ತೋಟಾ ಒಳಗೇ ಕಚ್ಚಿಕೊಳ್ಳತೊಡಗಿತು. ಮಳೆ, ಕೆಸರು, ಸೆಕೆಯ ಕಾಡಿಗೆ ಕಳಿಸುವ ಬಂದೂಕಿನ ಒಳಮೈಗೆ ತುಕ್ಕು ತಡೆಯುವ ಕ್ರೋಮ್ ಲೇಪನವೂ ಇಲ್ಲ. ಈ ರೈಫಲ್ ತೊಳೆಯುವುದೇ ಬೇಡ ಅನ್ನೋ ಮಾತು ಹಬ್ಬಿತ್ತು. ಶುಚಿ ಮಾಡುವ ಸಲಕರಣೆ ಸಾಕಷ್ಟು ಹೋಗಲಿಲ್ಲ.

ಹೊಸ ಮದ್ದಿನಲ್ಲಿ ರೈಫಲ್ ಪರೀಕ್ಷೆ ಪಾಸಾಗುತ್ತಿಲ್ಲ ಅಂತ ಕೋಲ್ಟ್ ಕಂಪನಿ ಹೇಳಿತು. ಸೇನೆ ಏನು ಮಾಡಿತು ಗೊತ್ತಾ? ಕಾರ್ಖಾನೆಯ ಪರೀಕ್ಷೆಗೆ ಹಳೆಯ ಮದ್ದು ಬಳಸಿಕೊಳ್ಳಿ ಅಂದಿತು. ವಿಯೆಟ್ನಾಂಗೆ ಹೋದದ್ದು ಮಾತ್ರ ಹೊಸ ಮದ್ದಿನ ತೋಟಾಗಳೇ. ಗುಂಡಿನ ಚಕಮಕಿಯ ನಡುವೆ ಬಂದೂಕು ಕಟ್ಟಿಕೊಂಡು, ಅದನ್ನು ಬಿಚ್ಚುತ್ತಿದ್ದಾಗಲೇ ಸತ್ತ ಹುಡುಗರ ಸುದ್ದಿ ಊರುಗಳಿಗೆ ಕಾಗದದಲ್ಲಿ ಬರತೊಡಗಿತು. 1967ರಲ್ಲಿ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿ ತಪ್ಪನ್ನು ಸೇನೆಯ ಆಡಳಿತದ ತಲೆಗೆ ಕಟ್ಟಿತು. ಸ್ಟೋನರ್ ಸಾಕ್ಷಿ ಹೇಳಿದ. ಮದ್ದು ಬದಲಾದ ಬಗ್ಗೆ ತನ್ನ ಅಭಿಪ್ರಾಯ ಕೇಳಿದ್ದೇ ತೀರ್ಮಾನ ಆದ ಮೇಲೆ, ತನಗೆ ಅದು ಸರಿಕಂಡಿರಲಿಲ್ಲ ಅನ್ನೋದು ಅವನ ಸಾಕ್ಷ್ಯದ ತಿರುಳು. ದೊಡ್ಡವರು ಯಾರೂ ಜೈಲಿಗೆ ಹೋಗಲಿಲ್ಲ. ಮುಂದೆ ಕ್ರೋಮ್ ಲೇಪನ ಬಂತು, ರೈಫಲ್ ಸುಧಾರಿಸಿತು.

ಅಷ್ಟು ಹೊತ್ತಿಗೆ ಸ್ಟೋನರ್ ಆರ್ಮಲೈಟ್ ಬಿಟ್ಟು ವರ್ಷಗಳಾಗಿದ್ದವು. ಕ್ಯಾಡಿಲಾಕ್ ಗೇಜ್ ಕಂಪನಿಗೆ ಅವನು ಮಾಡಿಕೊಟ್ಟ ಸ್ಟೋನರ್ 63 ನೋಡಿದರೆ ಅವನ ತಲೆ ಯಾವ ಕಡೆ ಓಡುತ್ತಿತ್ತು ಅಂತ ತಿಳಿಯುತ್ತದೆ. ಒಂದೇ ರಿಸೀವರ್, ಸುತ್ತಲಿನ ಭಾಗ ಬದಲಿಸಿದರೆ ರೈಫಲ್, ಇನ್ನೊಂದಿಷ್ಟು ಬದಲಿಸಿದರೆ ಮೆಷಿನ್‌ಗನ್. ನೌಕಾಪಡೆಯ ಸೀಲ್ ಕಮಾಂಡೋಗಳು ಬಿಟ್ಟರೆ ಹೆಚ್ಚು ಗಿರಾಕಿ ಸಿಗಲಿಲ್ಲ. 1972ರಲ್ಲಿ ಒಹಾಯೊದಲ್ಲಿ ಪಾಲುದಾರಿಕೆಯಲ್ಲಿ ಏರಸ್ ಅನ್ನೋ ಕಂಪನಿ ಕಟ್ಟಿದ. 1990ರ ಹೊತ್ತಿಗೆ ಫ್ಲಾರಿಡಾದ ನೈಟ್ಸ್ ಆರ್ಮಮೆಂಟ್ ಕಂಪನಿ ಸೇರಿ, 10 ಮತ್ತು 15 ಕೂಡಿಸಿ ಎಸ್‌ಆರ್-25 ಅಂತ ಹೊಸ ರೈಫಲ್‌ಗೆ ಹೆಸರಿಟ್ಟ. ಅದೇ 1990ರಲ್ಲಿ ಮಿಖಾಯಿಲ್ ಕಲಾಶ್ನಿಕೋವ್ ಅಮೆರಿಕಕ್ಕೆ ಬಂದಾಗ ಇಬ್ಬರೂ ಭೇಟಿಯಾಗಿ, ಒಬ್ಬರ ಬಂದೂಕನ್ನು ಇನ್ನೊಬ್ಬರು ಹಾರಿಸಿ ನೋಡಿದರು. ಒಬ್ಬನಿಗೆ ರಾಯಲ್ಟಿ, ಇನ್ನೊಬ್ಬನಿಗೆ ಪದಕ.

ಈ ಮಧ್ಯೆ ರೈಫಲ್ ಮಾರುಕಟ್ಟೆಯಲ್ಲಿ ತನ್ನ ಪಾಡಿಗೆ ಬೆಳೆಯುತ್ತಿತ್ತು. ಟ್ರಿಗರ್ ಎಳೆದ ಸಲಕ್ಕೆ ಒಂದೇ ಗುಂಡು ಹಾರುವ ಸೆಮಿ ಆಟೋಮ್ಯಾಟಿಕ್ ರೂಪವನ್ನು ಕೋಲ್ಟ್ 1964ರಿಂದಲೇ ಸಾರ್ವಜನಿಕರಿಗೆ ಮಾರುತ್ತಿತ್ತು. 1977ರಲ್ಲಿ ಸ್ಟೋನರ್‌ನ ಅನಿಲ ವ್ಯವಸ್ಥೆಯ ಪೇಟೆಂಟ್ ಮುಗಿಯಿತು. ಮುಂದೆ ಯಾರು ಬೇಕಾದರೂ ಮಾಡಬಹುದಾಯಿತು. ಎಲ್ಲರೂ ಹಿಡಿದದ್ದು ಹೆಚ್ಚುಕಡಿಮೆ ಸೇನೆಯ ಅಳತೆಗಳನ್ನೇ. ಹಾಗಾಗಿ ಒಬ್ಬನ ಬ್ಯಾರೆಲ್ ಇನ್ನೊಬ್ಬನ ಮೈಗೆ ಕೂರುತ್ತಿತ್ತು. ಸೈನಿಕನಿಗೆ ದುರಸ್ತಿ ಸಲೀಸಾಗಲಿ ಅಂತ ಮಾಡಿದ್ದು ಗಿರಾಕಿಗೆ ಶೋಕಿಯಾಯಿತು, ಕಂಪನಿಗಳಿಗೆ ಮುಗಿಯದ ವ್ಯಾಪಾರವಾಯಿತು.

ಕಾನೂನು ಇದರ ಬೆನ್ನು ಹತ್ತಿ ಸುಸ್ತಾದದ್ದನ್ನು ನೋಡಿ. 1994ರಲ್ಲಿ ಕ್ಲಿಂಟನ್ ಸರ್ಕಾರ ಇಂಥ ರೈಫಲ್‌ಗಳನ್ನು ನಿಷೇಧಿಸಿತು. ಹೇಗೆ? ಕೆಲವು ಮಾದರಿಗಳ ಹೆಸರು ಬರೆದು, ಉಳಿದವಕ್ಕೆ ಭಾಗಗಳ ಪಟ್ಟಿ ಮಾಡಿ. ಕಳಚುವ ಮ್ಯಾಗಜಿನ್ ಜತೆಗೆ ಪಿಸ್ತೂಲ್ ಹಿಡಿ, ಮಡಚುವ ಸ್ಟಾಕ್, ಬಯೊನೆಟ್ ಕೊಂಡಿ, ಬೆಂಕಿಯ ಹೊಳಪು ಮರೆಸುವ ಮೂತಿ, ಇಂಥವುಗಳಲ್ಲಿ ಎರಡಿದ್ದರೆ ನಿಷಿದ್ಧ. ಕಂಪನಿಗಳು ಕೊಂಡಿ ತೆಗೆದವು, ಮೂತಿ ತೆಗೆದವು, ಹೆಸರು ಬದಲಿಸಿ ಅದೇ ರೈಫಲ್ ಮಾರಿದವು. 2004ರಲ್ಲಿ ಆ ಕಾಯ್ದೆಯ ಅವಧಿಯೂ ತೀರಿತು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ದೊಡ್ಡವರು ಸತ್ತರು. 2022ರಲ್ಲಿ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು. ಎರಡೂ ಕಡೆ ಇದೇ ಮಾದರಿಯ ರೈಫಲ್.

ರಿಸೀವರ್ ವಿಚಾರದಲ್ಲಿ ಇನ್ನೊಂದು ತಮಾಷೆ ಇದೆ, ನಗು ಬರುವಂಥದ್ದಲ್ಲ. ಹಳೆಯ ನಿಯಮದ ಪ್ರಕಾರ ರಿಸೀವರ್ ಅಂದರೆ ಸುತ್ತಿಗೆ, ಬೋಲ್ಟ್ ಎರಡನ್ನೂ ಒಳಗಿಟ್ಟುಕೊಂಡ ಭಾಗ. ಸ್ಟೋನರ್ ಮೈಯನ್ನೇ ಎರಡು ಹೋಳು ಮಾಡಿದ್ದನಲ್ಲ, ಸುತ್ತಿಗೆ ಕೆಳಗೆ, ಬೋಲ್ಟ್ ಮೇಲೆ. ಅಕ್ಷರಶಃ ಓದಿದರೆ ಎರಡರಲ್ಲಿ ಯಾವುದೂ ಬಂದೂಕಲ್ಲ! ಕೆಲವು ಮೊಕದ್ದಮೆಗಳಲ್ಲಿ ಕೇಂದ್ರ ನ್ಯಾಯಾಧೀಶರೇ ಇದನ್ನು ಎತ್ತಿ ತೋರಿಸಿದರು. ಇನ್ನೊಂದೆಡೆ, ಪೂರ್ತಿ ಕೊರೆಯದ ಅರೆಬರೆ ರಿಸೀವರ್‌ಗಳು ನಂಬರೂ ಇಲ್ಲದೆ, ತಪಾಸಣೆಯೂ ಇಲ್ಲದೆ ಮಾರಾಟವಾಗುತ್ತಿದ್ದವು. 2022ರಲ್ಲಿ ಸರ್ಕಾರ ನಿಯಮ ತಿದ್ದಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಲ್ಲಿ ಅದನ್ನು ಉಳಿಸಿತು. ಆದರೆ ಅದಕ್ಕೂ ಒಂಬತ್ತು ತಿಂಗಳು ಮೊದಲೇ ಅದೇ ಕೋರ್ಟ್ ಇನ್ನೊಂದು ಬಿಡಿಭಾಗದ ಮೇಲಿನ ನಿಷೇಧವನ್ನು ಕಿತ್ತುಹಾಕಿತ್ತು: ಬಂಪ್ ಸ್ಟಾಕ್. ಸೆಮಿ ಆಟೋಮ್ಯಾಟಿಕ್ ರೈಫಲ್ ಮೆಷಿನ್‌ಗನ್ ಹಾಗೆ ಗುಂಡು ಸುರಿಸಲು ನೆರವಾಗುವ ಆ ಸಾಧನವನ್ನು 2017ರ ಲಾಸ್ ವೇಗಸ್ ಹತ್ಯಾಕಾಂಡದಲ್ಲಿ ಹಂತಕ ಬಳಸಿದ್ದ.

ಇದೆಲ್ಲಕ್ಕೆ ಸ್ಟೋನರ್ ಹೊಣೆಯಾ? ಅವನು 1997ರ ಏಪ್ರಿಲ್ 24ರಂದು ಫ್ಲಾರಿಡಾದಲ್ಲಿ ತೀರಿಕೊಂಡ, 74 ವರ್ಷ. ವರ್ಜೀನಿಯಾದ ಕ್ವಾಂಟಿಕೊ ಸ್ಮಶಾನದಲ್ಲಿ ಮಣ್ಣಾದ. 2016ರಲ್ಲಿ ಅವನ ಕುಟುಂಬದವರು, ಆತ ಸೈನಿಕರಿಗಾಗಿ ಮಾಡಿದ್ದು, ತಾನು ಎಆರ್-15 ಇಟ್ಟುಕೊಂಡಿರಲೇ ಇಲ್ಲ, ಈಗಿದ್ದಿದ್ದರೆ ಗಾಬರಿಯಾಗುತ್ತಿದ್ದ ಅಂದರು. ಬಂದೂಕು ನಿಯಂತ್ರಣ ಬೇಕೆನ್ನುವವರು ಇದನ್ನು ಖುಷಿಯಿಂದ ಹಂಚಿಕೊಂಡರು. ನನಗೆ ಈ ಮಾತು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಕೋಲ್ಟ್ ಜನರಿಗೆ ಮಾರಲು ಶುರುಮಾಡಿದ ಮೇಲೂ ಅವನು 33 ವರ್ಷ ಬದುಕಿದ್ದ. ಕೊನೆಯ ಎಸ್‌ಆರ್-25 ಕೂಡ ಜನರಿಗೆ ಮಾರಾಟವಾಗುತ್ತಿತ್ತು. ಹಾಗಂತ ಅವನನ್ನು ಖಳನಾಯಕ ಮಾಡಿದರೆ, ಮದ್ದು ಬದಲಿಸಿದ ಅಧಿಕಾರಿ, ಕೊಂಡಿ ತೆಗೆದು ಮಾರಿದ ಕಂಪನಿ, ಪಟ್ಟಿ ಬರೆದು ಕೈತೊಳೆದುಕೊಂಡ ಸಂಸದ ಎಲ್ಲರೂ ಆರಾಮಾಗಿ ಪಾರಾಗುತ್ತಾರೆ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡಿಭಾಗಗಳನ್ನೂ ಶಸ್ತ್ರ ಅಂತಲೇ ಲೆಕ್ಕ ಹಿಡಿಯುತ್ತದೆ. ಆ ಬಿಗಿಯ ಬೇರು ಜನರ ಕೈಯಿಂದ ಬಂದೂಕು ಕಸಿಯಲು ಬ್ರಿಟಿಷರು ತಂದ 1878ರ ಕಾಯ್ದೆಯಲ್ಲಿದೆ ಅನ್ನೋದೂ ನಿಜವೇ. ಬ್ಯಾರೆಲ್ ಅಂಚೆಯಲ್ಲಿ ತರಿಸಿಕೊಳ್ಳುವ ಮಾತು ಇಲ್ಲಿಲ್ಲ. ಸ್ಟೋನರ್ ಮಾತ್ರ ಬಂದಿದ್ದಾನೆ. 2019ರ ಫೆಬ್ರುವರಿಯಲ್ಲಿ ಭಾರತೀಯ ಸೇನೆಗೆಂದು 72,400 ಸಿಗ್-716 ರೈಫಲ್‌ಗಳ ಒಪ್ಪಂದವಾಯಿತು. ಅನಿಲ ವ್ಯವಸ್ಥೆ ಬೇರೆಯಾದರೂ ಮೇಲಿನ ಹೋಳು, ಕೆಳಗಿನ ಹೋಳು, ಎರಡು ಪಿನ್ನು, ಎಲ್ಲ ಎಆರ್-10ರ ವಂಶದ್ದೇ. 2025ರಲ್ಲಿ ಆ ರೈಫಲ್‌ಗಳಿಗೆ ಕೂರಿಸುವ ರಾತ್ರಿ ದುರ್ಬೀನುಗಳಿಗಾಗಿ ರಕ್ಷಣಾ ಸಚಿವಾಲಯ ಸುಮಾರು 659 ಕೋಟಿ ರೂಪಾಯಿಯ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿತು.